ನಿಷೇಧಕ್ಕೆ ಉಲ್ಲೇಖ ಯಾವುದು

ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ಅಟ್ಲಾಂಟಾದ ದೊಡ್ಡಮಾವ. ನನ್ನ ಗಂಡನ ದೊಡ್ಡಪ್ಪ ಅವರು, ಹೃದಯದ ಡಾಕ್ಟರು. ನಾನು ಹುಟ್ಟುವುದಕ್ಕೂ ಮೊದಲೇ ಈ ದೇಶಕ್ಕೆ ಬಂದು ಮನೆ, ಹೆಸರು, ಹಿತ್ತಲಲ್ಲಿ ಆಳೆತ್ತರದ ಕರಿಬೇವು ಎಲ್ಲವನ್ನೂ ಬೆಳೆಸಿಕೊಂಡವರು. ಕೋವಿಡ್ ಬರುವುದಕ್ಕೆ ಎರಡು ತಿಂಗಳ ಮುಂಚೆ, ಸಂಕ್ರಾಂತಿಗೆಂದು ಅವರ ಮನೆಗೆ ಹೋಗಿದ್ದೆವು. ಊಟಕ್ಕೆ ಕೂತಾಗ ನಾನು ಕಾಲೇಜು ಸೇರಬೇಕೆಂದಿದ್ದೇನೆ ಎಂದೆ. ಅವರು ಚಮಚ ಕೆಳಗಿಟ್ಟರು.

"ನೋಡಮ್ಮ, ಬೇಜಾರ್ ಮಾಡ್ಕೋಬೇಡ. ನೀನು ಪಿಯುಸಿ ಮುಗಿಸಿ ಹದಿನೈದು ವರ್ಷ ಆಯ್ತು. ಇಲ್ಲಿ ಒಂದೊಂದು ಕ್ಲಾಸ್‌ಗೂ ಪೇಪರ್ ಬರೀಬೇಕು, ಅದೂ ಇಂಗ್ಲಿಷ್‌ನಲ್ಲಿ. ಮಗು ಬೇರೆ ಚಿಕ್ಕದು. ಯೋಗ ಟೀಚರ್ ಟ್ರೈನಿಂಗ್ ಏನಾದ್ರೂ ಮಾಡ್ಕೋ. ಡಿಗ್ರಿ ಎಲ್ಲ ಆಗೋ ಮಾತಲ್ಲ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ರೋಗಿಗೆ ಹೇಳುವಂತೆ ಮೆತ್ತಗೆ ಹೇಳಿದರು, ಅದೇ ಹೆಚ್ಚು ಚುಚ್ಚಿತು. ಮರುದಿನ ಕಾರಿನಲ್ಲಿ ಸೌತ್ ಕೆರೊಲಿನಾ ದಾಟುವ ತನಕ ನಾನು ಕಿಟಕಿಯ ಕಡೆಗೇ ತಿರುಗಿ ಕೂತಿದ್ದೆ. ನನ್ನ ಗಂಡ ಎರಡು ಸಲ ಕಾಫಿಗೆ ನಿಲ್ಲಿಸಿದರು, ಮೂರನೆಯ ಸಲ ಕೇಳಿಯೇಬಿಟ್ಟರು.

"ದೊಡ್ಡಪ್ಪನ ಮೇಲೆ ಕೋಪಾನಾ?"

"ಕೋಪ ಅಲ್ಲ ರೀ. ಮನೆಗೆ ಹೋದ ತಕ್ಷಣ ಅಪ್ಲೈ ಮಾಡ್ತೀನಿ."

ನನ್ನ ತವರಿನ ಕಡೆ ಯಾರೂ ಡಿಗ್ರಿ ಕಂಡವರಲ್ಲ. ಅಪ್ಪ ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ಮುಂದೆ, ಹೊಂಗೆ ಮರದ ಕೆಳಗೆ, ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಖಾತೆ ಬದಲಾವಣೆ, ವಿಧವಾ ವೇತನ, ಜಮೀನು ಅಳೆದು ಭಾಗ ಮಾಡುವ ಪೋಡಿ, ಮರಣ ಪ್ರಮಾಣಪತ್ರ. ಸಾಹೇಬರುಗಳು ಓದುತ್ತಿದ್ದದ್ದು ಅಪ್ಪನ ವಾಕ್ಯಗಳನ್ನು, ಆದರೆ ಅಪ್ಪ ಆ ಕಚೇರಿಯ ಒಳಗೆ ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ನಾನು ಪಿಯುಸಿ ಪಾಸಾದೆ, ಮದುವೆಯಾಯಿತು, ಗಂಡನ ವೀಸಾದ ಹಿಂದೆ ಇನ್ನೊಂದು ವೀಸಾ ಹಿಡಿದು ವರ್ಜೀನಿಯಾದ ಸ್ಟರ್ಲಿಂಗಿಗೆ ಬಂದೆ. ಕೆಲಸ ಮಾಡುವ ಹಾಗಿರಲಿಲ್ಲ. ಓದುವ ಹಾಗಿತ್ತು. ಅದು ಗೊತ್ತಾಗಲು ನನಗೆ ಆರು ವರ್ಷ ಹಿಡಿಯಿತು.

ಮೊದಲು ಸೇರಿದ್ದು ಕಮ್ಯುನಿಟಿ ಕಾಲೇಜು, ಡಿಗ್ರಿಯ ಮೊದಲ ಭಾಗವನ್ನು ಕಡಿಮೆ ಖರ್ಚಿನಲ್ಲಿ ಕಲಿಸುವ ಕಾಲೇಜು; ಕೋವಿಡ್‌ನಿಂದಾಗಿ ಮೊದಲ ವರ್ಷ ಅದು ನಡೆದದ್ದು ನಮ್ಮ ಊಟದ ಮೇಜಿನ ಮೇಲೆ. ಮೇಜಿನ ಒಂದು ತುದಿಯಲ್ಲಿ ಮಗಳ ಎರಡನೇ ಕ್ಲಾಸು, ಇನ್ನೊಂದು ತುದಿಯಲ್ಲಿ ನನ್ನ ಇಂಗ್ಲಿಷ್ ಕಾಂಪೊಸಿಷನ್. ಆಮೇಲೆ ಯೂನಿವರ್ಸಿಟಿಗೆ ವರ್ಗವಾದೆ. ಒಂದು ಸೆಮಿಸ್ಟರ್‌ಗೆ ಎರಡೇ ವಿಷಯ, ಕೆಲವೊಮ್ಮೆ ಒಂದೇ. ಹಾಗೆ ನಡೆದು ನಡೆದು ಐದನೆಯ ವರ್ಷದ ವಸಂತದಲ್ಲಿ ಉಳಿದದ್ದು ಒಂದೇ: ಕಾನೂನಿನ ಒಂದು ಪ್ರಶ್ನೆ ಹಿಡಿದು ನಲವತ್ತು ಪುಟದ ಕೊನೆಯ ಪ್ರಬಂಧ. ಅದು ಪಾಸಾದರೆ ಡಿಗ್ರಿ. ಆಗದಿದ್ದರೆ ಇನ್ನೊಂದು ಸೆಮಿಸ್ಟರ್ ವಾರಕ್ಕೆರಡು ದಿನ ಕ್ಲಾಸಿನಲ್ಲಿ ಕೂರಬೇಕು. ಅದು ಸಾಧ್ಯವಿರಲಿಲ್ಲ. ಗಂಡನ ಕೆಲಸ ನಾರ್ತ್ ಕೆರೊಲಿನಾಕ್ಕೆ ಬದಲಾಗಿತ್ತು. ಜೂನ್ ತಿಂಗಳಿಗೆ ಅಲ್ಲಿನ ಏಪೆಕ್ಸ್ ಎಂಬ ಊರಿನಲ್ಲಿ ಮನೆ ಹಿಡಿದಾಗಿತ್ತು.

ಪ್ರಬಂಧದ ವಿಷಯ ಕೊಟ್ಟವಳು ನನ್ನ ಸಹಪಾಠಿ, ನೇಪಾಳದವಳು. ಅವಳ ತಮ್ಮ ಕಠ್ಮಂಡುವಿನಲ್ಲಿ ಕೂತು ಯಾವುದೋ ಹೊರದೇಶದ ಅಂಗಡಿಗೆ ಚಿತ್ರ ಬರೆದುಕೊಡುತ್ತಿದ್ದ. ಒಂದು ಸಲ ಅವರು ಹಣದ ಬದಲು ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್ ಥರದ ಕಂಪ್ಯೂಟರ್ ನಾಣ್ಯ, ಕಳಿಸಿಬಿಟ್ಟರು. ನೇಪಾಳದಲ್ಲಿ ಕ್ರಿಪ್ಟೊ ನಿಷೇಧ. ನಮ್ಮ ಮನೆಯ ಹತ್ತಿರದ ಗ್ಯಾಸ್ ಸ್ಟೇಷನ್ನಿನ, ಅಂದರೆ ಪೆಟ್ರೋಲ್ ಬಂಕಿನ, ಅಂಗಡಿಯಲ್ಲಿ, ಲಾಟರಿ ಯಂತ್ರದ ಪಕ್ಕದಲ್ಲೇ, ಬಿಟ್‌ಕಾಯಿನ್ ಕೊಳ್ಳುವ ಯಂತ್ರ ನಿಂತಿತ್ತು. ಇಬ್ಬರೂ ಅಲ್ಲಿ ಚಹಾ ಕುಡಿಯುತ್ತಿದ್ದಾಗ ಅವಳು ಆ ಯಂತ್ರ ತೋರಿಸಿ ನಮ್ಮ ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಕೇಳಿದಳು: "ಇಲ್ಲಿ ಹಾಲು ತರೋಕೆ ಬಂದೋರು ಇದನ್ನ ಕೊಂಡ್ಕೊಂಡು ಹೋಗ್ತಾರೆ. ನನ್ನ ತಮ್ಮ ಕೇಳ್ದೇನೆ ಅವನ ಫೋನಿಗೆ ಬಂದು ಬಿತ್ತು. ಅವನು ಕಳ್ಳನಾ ಹೇಳು?"

ಉತ್ತರ ನನಗೆ ಗೊತ್ತಿರಲಿಲ್ಲ. ಅದನ್ನೇ ವಿಷಯ ಮಾಡಿಕೊಂಡೆ: ನಿಷೇಧ ಇರುವ ದೇಶದಲ್ಲಿ ಕ್ರಿಪ್ಟೊ ಕಾನೂನಿನ ಕಣ್ಣಿಗೆ ಏನು?

ಕನ್ನಡದವರು ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಇದನ್ನು ಹೇಳಿದರೆ ನಗು. ಸ್ಟರ್ಲಿಂಗಿನ ನಮ್ಮವರಲ್ಲಿ ಅರ್ಧ ಜನ ಡೇಟಾ ಸೆಂಟರುಗಳಿಗೆ ಸಂಬಂಧಪಟ್ಟ ಕೆಲಸದಲ್ಲಿರುವವರು. ಬಿಸಿಬೇಳೆಬಾತಿನ ಮುಂದೆ ನಿಂತರೆ ಎಲ್ಲರೂ ಹಣಕಾಸಿನ ಪಂಡಿತರು.

"ಬ್ಯಾನ್ ಅಂದ್ರೆ ಬ್ಯಾನ್. ಅದ್ರಲ್ಲಿ ನಲವತ್ತು ಪೇಜ್ ಏನ್ ಬರೀತೀರ? ಒಂದ್ ಲೈನ್ ಸಾಕಲ್ಲ!" ಎಂದರು ಗಂಡನ ಸ್ನೇಹಿತರೊಬ್ಬರು.

"ಇಂಡಿಯಾದಲ್ಲೂ ಬ್ಯಾನ್ ಅಲ್ವಾ?" ಎಂದು ಅವರ ಹೆಂಡತಿ.

"ಇಲ್ಲಪ್ಪ, ಅಲ್ಲಿ ಟ್ಯಾಕ್ಸ್ ಹಾಕ್ತಾರೆ. ಟ್ಯಾಕ್ಸ್ ಹಾಕಿದ ಮೇಲೆ ಲೀಗಲ್ಲೇ ಅಲ್ವಾ?" ಎಂದರು ಇನ್ನೊಬ್ಬರು.

"ಟ್ಯಾಕ್ಸ್ ಹಾಕಿದ್ರೆ ಲೀಗಲ್ ಅಂತ ಯಾರು ಹೇಳಿದ್ದು?" ಎಂದೆ. ಅಷ್ಟರಲ್ಲಿ ಪಾಯಸ ಬಂತು. ಭಾರತದಲ್ಲಿ ಬ್ಯಾಂಕುಗಳು ಇದರ ಹತ್ತಿರ ಹೋಗಬಾರದೆಂದು ಒಂದು ಸುತ್ತೋಲೆ ಹೊರಟಿದ್ದು, ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದ್ದು, ಆಮೇಲೆ ತೆರಿಗೆ ಬಂದದ್ದು ನಾನು ಓದಿಕೊಂಡಿದ್ದೆ. ನಿಷೇಧವೂ ಅಲ್ಲದ, ಪೂರ್ತಿ ಒಪ್ಪಿಗೆಯೂ ಅಲ್ಲದ ಜಾಗ ಅದು. ಅಷ್ಟು ಬುದ್ಧಿವಂತ ಜನಕ್ಕೂ ಅದು ಹೌದು ಅಥವಾ ಅಲ್ಲ ಎಂದೇ ಬೇಕಾಗಿತ್ತು. ನನಗೂ ಆಗ ಹಾಗೇ ಬೇಕಾಗಿತ್ತು ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ.

ಪ್ರಬಂಧವನ್ನು ನಾನು ನನಗೆ ಗೊತ್ತಿದ್ದ ರೀತಿಯಲ್ಲಿ ತಯಾರು ಮಾಡಿದೆ. ಒಲೆಯ ಮೇಲಿನ ಕಪಾಟಿನ ಬಾಗಿಲಿಗೆ ಹಾಳೆಗಳನ್ನು ಅಂಟಿಸಿ, ಚಪಾತಿ ಲಟ್ಟಿಸುತ್ತ, ಸಾರು ಕುದಿಸುತ್ತ ಓದಿದೆ. ಪಿಯುಸಿಯಲ್ಲಿ ನಮ್ಮ ಇತಿಹಾಸದ ಮೇಷ್ಟ್ರು ಪುಸ್ತಕದಲ್ಲಿದ್ದ ಹಾಗೆ ಬರೆದವರಿಗೆ ಪೂರ್ತಿ ಅಂಕ ಕೊಡುತ್ತಿದ್ದರು. ಸ್ವಂತ ವಾಕ್ಯ ಬರೆದರೆ, "ಏನವ್ವಾ, ಪುಸ್ತಕ ಬರೆದೋರಿಗಿಂತ ನೀನು ಬುದ್ವಂತ್ಳಾ?" ಎಂದು ಕೇಳುತ್ತಿದ್ದರು. ಬಾಯಿಪಾಠ ಎಂದರೆ ನಮಗೆ ಕಷ್ಟಪಟ್ಟದ್ದಕ್ಕೆ ಸಾಕ್ಷಿ. ನೋಡಿ ಬರೆದರೆ ಕಾಪಿ, ನೋಡದೆ ಬರೆದರೆ ಓದು. ಹೀಗೆ ನಿಷೇಧದ ಬಗ್ಗೆ ಒಂದು ಪುಸ್ತಕದ ಎರಡು ಪುಟ ನನ್ನ ನಾಲಿಗೆಯ ಮೇಲೆ ಕೂತುಬಿಟ್ಟಿತು. ಬರೆಯಲು ಕೂತಾಗ ಪುಸ್ತಕ ಮುಚ್ಚಿಟ್ಟೆ. ಬೆರಳು ತಾನಾಗಿ ಓಡಿತು. ನನಗೆ ಅಭಿಮಾನವೇ ಆಯಿತು. ಆ ಕರಡನ್ನು ಪ್ರಬಂಧ ನೋಡುತ್ತಿದ್ದ ಪ್ರೊಫೆಸರರಿಗೆ ಕಳಿಸಿದೆ.

ಏಪ್ರಿಲ್ ಮೊದಲ ವಾರ ಪ್ರೊಫೆಸರರಿಂದ ಒಂದು ಚಿಕ್ಕ ಇಮೇಲ್ ಬಂತು. ನನ್ನ ಕರಡಿನಲ್ಲಿ ಎರಡು ಪುಟ ಒಂದು ಪ್ರಕಟಿತ ಪುಸ್ತಕದೊಂದಿಗೆ ಪದಕ್ಕೆ ಪದ ಹೊಂದುತ್ತದೆ, ಎಲ್ಲೂ ಆ ಪುಸ್ತಕದ ಹೆಸರಿಲ್ಲ. ವಿಷಯವನ್ನು ಯೂನಿವರ್ಸಿಟಿಯ ಶಿಸ್ತು ಸಮಿತಿಗೆ ಕಳಿಸಲಾಗಿದೆ. ತಪ್ಪೆಂದು ತೀರ್ಮಾನವಾದರೆ ಪ್ರಬಂಧ ಫೇಲು.

ಗಂಡ ಮೂರು ಸಲ ಓದಿದರು. "ಕಾಪಿ ಹೊಡೆದ್ಯೇನೇ?"

"ರೀ! ಪುಸ್ತಕ ಬೀರು ಒಳಗಿತ್ತು."

"ಹಾಗಂತ ಹೇಳು ಅವರಿಗೆ."

"ಹೇಳಿದ್ರೆ ನಂಬ್ತಾರಾ?"

ಅವರು ತಲೆ ಕೆರೆದುಕೊಂಡರು. "ನಾನಾದ್ರೆ ನಂಬಲ್ಲ ಕಣೆ."

ಮರುದಿನ ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ. ಅಪ್ಪನಿಗೆ ಸಂಜೆ. ಅಮ್ಮ ಹತ್ತಿರವೇ ಕೂತು ಕೇಳಿಸಿಕೊಳ್ಳುತ್ತಿದ್ದದ್ದು ಬಳೆಯ ಸದ್ದಿನಿಂದ ಗೊತ್ತಾಗುತ್ತಿತ್ತು. ನಾನು ಆದದ್ದನ್ನೆಲ್ಲ ಹೇಳಿದೆ, ಬಾಯಿಪಾಠ ಮಾಡಿದ್ದು, ನೋಡದೆ ಬರೆದದ್ದು, ಈಗ ಕಳ್ಳಿ ಎನ್ನುತ್ತಿರುವುದು. ಅಪ್ಪ ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು.

"ಉಲ್ಲೇಖ ಹಾಕಿದ್ದಾ?"

"ಏನಪ್ಪಾ?"

"ಉಲ್ಲೇಖ ಕಣವ್ವ. ಮೇಲೆ ವಿಷಯ, ಅದ್ರ ಕೆಳೀಕೆ ಉಲ್ಲೇಖ. ಯಾವ ಆದೇಶ, ಯಾವ ನಂಬ್ರು, ಯಾವ ತಾರೀಕು. ಆಮೇಲ್ ತಾನೆ ಮಾನ್ಯರೇ ಅನ್ನೋದು? ಮೂವತ್ತೈದು ವರ್ಷ ನನ್ ಪಕ್ಕದಲ್ಲಿ ಕೂತ್ಕಂಡು ಕಾರ್ಬನ್ ಹಾಳೆ ಜೋಡ್ಸಿದ್ದೀಯ. ಉಲ್ಲೇಖ ಇಲ್ದೆ ಒಂದ್ ಅರ್ಜಿ ನಾನ್ ಕೊಟ್ಟಿದ್ ನೋಡಿದ್ದಾ?"

"ಮೂವತ್ತೈದು ಎಲ್ಲಿ ಬಂತು, ಅವ್ಳು ಹುಟ್ಟಿ ಎಷ್ಟ್ ವರ್ಷ ಆಯ್ತು!" ಎಂದು ಹಿಂದಿನಿಂದ ಅಮ್ಮ.

"ನೀ ಸುಮ್ಕಿರು. ಅಲ್ಲ ಕಣವ್ವ, ಹೇಳಿದ್ ಮಾತು ಸರಿ ಇರ್ಬೋದು. ಎಲ್ಲಿಂದ ಬಂತು ಅಂತ ಹೇಳ್ನಿಲ್ಲ ಅಂದ್ರೆ ಸಾಹೇಬ ಯಾಕ್ ಸೈನ್ ಹಾಕಾನು? ಅದು ನಿನ್ ತಪ್ಪು. ಹೋಗಿ ತಪ್ಪು ಅನ್ನು."

ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ. ಸಮಿತಿಯ ಹೆದರಿಕೆಗಲ್ಲ. ಅರ್ಜಿ ಬರೆಯುವವರ ಮಗಳಾಗಿ ಉಲ್ಲೇಖ ಬಿಟ್ಟೆನಲ್ಲ ಎಂದು. ಆ ಮನೆಯ ವಿದ್ಯೆಯನ್ನು ವಿದ್ಯೆ ಅಂತ ನಾನೇ ಎಣಿಸಿರಲಿಲ್ಲ. ಕಾಲೇಜಿನದು ಬೇರೆ, ಹೊಂಗೆ ಮರದ ಕೆಳಗಿನದು ಬೇರೆ ಅಂದುಕೊಂಡಿದ್ದೆ.

ಸಮಿತಿಯಲ್ಲಿ ಮೂವರಿದ್ದರು, ನನ್ನ ಪ್ರೊಫೆಸರ್ ಒಂದು ಬದಿಯಲ್ಲಿ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನಡುವೆ ಕೂತಿದ್ದ ಹಿರಿಯ ಹೆಂಗಸು ಕೇಳಿದರು, "ಕೋರ್ಸಿನ ಮೊದಲ ಪುಟದಲ್ಲೇ ಕೃತಿಚೌರ್ಯ ಕೂಡದು ಎಂಬ ನಿಯಮ ಇದೆ. ನೀವು ಓದಿದ್ದಿರಾ?"

ಓದಿಲ್ಲ ಎನ್ನುವುದು ಸುಲಭವಿತ್ತು. "ಓದಿದ್ದೆ," ಎಂದೆ. "ಪುಸ್ತಕ ನೋಡಿ ಬರೆಯಬಾರದು ಎಂದು ಅರ್ಥ ಮಾಡಿಕೊಂಡೆ. ನಾನು ನೋಡಿ ಬರೆದಿಲ್ಲ. ಬಾಯಿಪಾಠದಿಂದ ಬರೆದೆ."

"ಎರಡು ಪುಟವನ್ನ?"

"ಈಗಲೂ ಹೇಳಬಲ್ಲೆ."

ಇನ್ನೊಬ್ಬರು, ಕನ್ನಡಕದವರು, ಕೈಯಲ್ಲಿದ್ದ ಪ್ರತಿ ಎತ್ತಿ ಹಿಡಿದು "ಹೇಳಿ ನೋಡೋಣ" ಎಂದರು. ನಾನು ಶುರು ಮಾಡಿದೆ. ಶಾಲೆಯಲ್ಲಿ ನಿಲ್ಲುತ್ತಿದ್ದ ಹಾಗೆ ನನಗೆ ಗೊತ್ತಿಲ್ಲದೆ ಎದ್ದು ನಿಂತಿದ್ದೆ, ಕೈ ಕಟ್ಟಿದ್ದೆ. ಮೊದಲ ಪ್ಯಾರಾ ಮುಗಿಯಿತು, ಎರಡನೆಯದು ಮುಗಿಯಿತು, ಮೂರನೆಯದರ ಮಧ್ಯ ಅವರು ಕೈ ಎತ್ತಿದರು. ಒಂದು ಅಕ್ಷರ ತಪ್ಪಿರಲಿಲ್ಲ. ಅವರು ಪ್ರತಿಯನ್ನು ಮೇಜಿನ ಮೇಲಿಟ್ಟರು.

ನಡುವಿನ ಹೆಂಗಸು ನಿಧಾನವಾಗಿ ಹೇಳಿದರು: "ನೀವು ಸುಳ್ಳು ಹೇಳುತ್ತಿಲ್ಲ ಎಂದು ಇದರಿಂದ ಗೊತ್ತಾಯಿತು. ಆದರೆ ಆ ವಾಕ್ಯಗಳು ನಿಮ್ಮವಾಗಲಿಲ್ಲ."

"ಇಲ್ಲ. ಎಲ್ಲಿಂದ ತಂದೆ ಎಂದು ಬರೆಯಬೇಕಿತ್ತು. ತಪ್ಪು ನನ್ನದು," ಎಂದೆ. ನನ್ನ ಊರಿನಲ್ಲಿ ಇದು ತಪ್ಪಲ್ಲ ಎಂಬ ವಾದ ಮನೆಯಿಂದ ಕಟ್ಟಿಕೊಂಡು ಹೋಗಿದ್ದೆ. ಅದನ್ನು ಬಿಚ್ಚಲಿಲ್ಲ. ಅಲ್ಲಿ ಅದು ಜಾಣತನ, ಇಲ್ಲಿ ಅದು ಕಳ್ಳತನ, ಎರಡೂ ನಿಜವೇ. ಆದರೆ ನಾನು ಕೂತಿದ್ದದ್ದು ಇಲ್ಲಿ, ನಿಯಮ ನನ್ನ ಕೈಗೆ ಬಂದಿತ್ತು, ಓದಿದ್ದೆ ಕೂಡ.

ತೀರ್ಮಾನ ಅಂದೇ ಬಂತು. ದಾಖಲೆಯಲ್ಲಿ ಒಂದು ಎಚ್ಚರಿಕೆ. ಆ ಎರಡು ಪುಟ ಮಾತ್ರವಲ್ಲ, ಇಡೀ ಪ್ರಬಂಧ ಮತ್ತೆ ಬರೆಯಬೇಕು, ಮೂರು ವಾರದಲ್ಲಿ. ಪಾಸಾದರೆ ಪಾಸು, ಇಲ್ಲದಿದ್ದರೆ ಇಲ್ಲ.

ಬರೆಯಲು ಕೂತಾಗ ನಿಜವಾದ ಕಷ್ಟ ಎದುರಾಯಿತು. ನಾನು ಕಲಿತಿದ್ದ ಎರಡು ಪುಟದ ಮೊದಲ ಮಾತೇ, ನೇಪಾಳದಲ್ಲಿ ಕ್ರಿಪ್ಟೊ ಸಂಪೂರ್ಣ ಕಾನೂನುಬಾಹಿರ ಎಂದು. ಅದನ್ನು ನನ್ನ ಮಾತಿನಲ್ಲಿ ಹೇಳಲು ಹೋದರೆ ಮುಂದೆ ಸಾಗುತ್ತಿರಲಿಲ್ಲ. ಯಾವ ಕಾನೂನಿಗೆ ಬಾಹಿರ? ಪುಸ್ತಕ ಒಂದು ಪತ್ರಿಕೆಯನ್ನು ತೋರಿಸುತ್ತಿತ್ತು, ಆ ಪತ್ರಿಕೆ ಇನ್ನೊಂದು ವೆಬ್‌ಸೈಟನ್ನು, ಅದು ಮತ್ತೆ ಇಂಥದೇ ಪುಸ್ತಕವನ್ನು. ಎಲ್ಲರೂ ನಿಷೇಧ ಇದೆ ಎಂದವರೇ. ನಿಷೇಧದ ಕಾಗದ ಕಂಡವರು ಯಾರೂ ಸಿಗಲಿಲ್ಲ. ಬಾಯಿಪಾಠ ಮಾಡಿದ್ದಾಗ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ, ವಾಕ್ಯ ಅಷ್ಟು ನುಣುಪಾಗಿತ್ತು.

ಮಗಳನ್ನು ಶಾಲೆಗೆ ಬಿಟ್ಟು ಮೆಟ್ರೊ ಹತ್ತಿ ವಾಷಿಂಗ್ಟನ್ನಿಗೆ ಹೋಗತೊಡಗಿದೆ. ಅಲ್ಲಿನ ಕಾನೂನು ಗ್ರಂಥಾಲಯದಲ್ಲಿ ಯಾರು ಬೇಕಾದರೂ ಕಾರ್ಡು ಮಾಡಿಸಿಕೊಂಡು ಕೂರಬಹುದು, ವೀಸಾ ಯಾವುದು ಎಂದು ಯಾರೂ ಕೇಳುವುದಿಲ್ಲ. ನೇಪಾಳದ ಕಾಯಿದೆಗಳನ್ನು ತರಿಸಿಕೊಂಡೆ. ಕೇಂದ್ರ ಬ್ಯಾಂಕಿನ ಸೂಚನೆಗಳ ಪ್ರತಿಗಳನ್ನು ನನ್ನ ಗೆಳತಿ ಹುಡುಕಿಕೊಟ್ಟಳು. ಹಿಂದಿಯದೇ ಲಿಪಿ, ಓದಲು ನನಗೆ ಬರುತ್ತಿತ್ತು, ಹೈಸ್ಕೂಲಿನಲ್ಲಿದ್ದಾಗ ಬೇಸಿಗೆ ರಜೆಗಳಲ್ಲಿ ಹಿಂದಿ ಪರೀಕ್ಷೆ ಕಟ್ಟಿದ್ದೆ. ಅರ್ಥ ಅವಳು ಹೇಳಿದಳು. ನಾನು ಎಲ್ಲ ಕಾಗದದಲ್ಲೂ ಮೊದಲು ಹುಡುಕಿದ್ದು ಅಪ್ಪ ಹುಡುಕುತ್ತಿದ್ದ ಸಾಲನ್ನೇ: ಯಾವ ಅಧಿಕಾರದ ಮೇಲೆ ಇದು ಹೊರಟಿದೆ?

ಸಿಕ್ಕಿತು. ನಾನು ನೋಡಿದ ಕಾಗದಗಳ ಮಟ್ಟಿಗೆ ಹೇಳುವುದಾದರೆ, ಅಲ್ಲಿನ ನಿಷೇಧ ನಿಂತಿದ್ದದ್ದು ಕೇಂದ್ರ ಬ್ಯಾಂಕಿನ ಸೂಚನೆಗಳ ಮೇಲೆ. ಆ ಸೂಚನೆಗಳು ಕೈ ಊರಿದ್ದದ್ದು ಬ್ಯಾಂಕಿನ ಸ್ವಂತ ಕಾಯಿದೆಯ ಮೇಲೆ, ಮತ್ತು ಕಂಪ್ಯೂಟರು ಯಾರ ಮನೆಯಲ್ಲೂ ಇಲ್ಲದ ಕಾಲದಲ್ಲಿ ಬರೆದ ವಿದೇಶಿ ವಿನಿಮಯದ ಕಾಯಿದೆಯ ಮೇಲೆ. ಕೊಳ್ಳುವುದು, ಮಾರುವುದು, ಅದರ ವ್ಯವಹಾರ ನಡೆಸುವುದು ಕೂಡದು ಎಂಬುದು ಸ್ಪಷ್ಟವಿತ್ತು. ಕೇಳದೆ ಬಂದು ಬಿದ್ದದ್ದನ್ನು ಸುಮ್ಮನೆ ಇಟ್ಟುಕೊಂಡವನು ಏನು, ಅದನ್ನು ಯಾರ ಬಳಿ ಹೋಗಿ ಒಪ್ಪಿಸಬೇಕು, ಅದಕ್ಕೆ ನನಗೆ ಒಂದು ಸಾಲೂ ಸಿಗಲಿಲ್ಲ. ನಿಷೇಧ ಸುಳ್ಳಲ್ಲ. ಪಾಟ್‌ಲಕ್ಕಿನಲ್ಲಿ ಹೇಳಿದಷ್ಟು ಸರಳವೂ ಅಲ್ಲ. ಬಾಗಿಲಿಗೆ ಬೀಗ ಹಾಕಿದ್ದಾರೆ, ಒಳಗೆ ಸಿಕ್ಕಿಕೊಂಡವರು ಹೊರಗೆ ಬರುವುದು ಹೇಗೆಂದು ಬರೆದಿಲ್ಲ.

ಪ್ರಬಂಧದ ಕೊನೆಯ ಪುಟದಲ್ಲಿ, ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ ಎಂದು ಬರೆದೆ. ಪರೀಕ್ಷೆಯ ಕಾಗದದ ಮೇಲೆ ಗೊತ್ತಿಲ್ಲ ಎಂದು ಬರೆದದ್ದು ಅದೇ ಮೊದಲು. ಬರೆದು ಅಳಿಸಿದೆ, ಮತ್ತೆ ಬರೆದೆ. ಡಿಗ್ರಿ ಆ ಒಂದು ಮಾತಿನ ಮೇಲೆ ಹೋಗಿಬಿಟ್ಟರೆ ಎನ್ನುತ್ತಲೇ ಆ ಸಾಲು ಉಳಿಸಿದೆ.

ಪ್ರಬಂಧ ಕೊಡುವ ಮೊದಲೇ ಗೆಳತಿಗೆ ಹೇಳಿದೆ. "ನಿನ್ನ ತಮ್ಮ ಕಳ್ಳ ಅಂತ ಬರೆದ ಕಾಗದ ನಾನು ನೋಡಲಿಲ್ಲ. ಅಲ್ಲ ಅಂತ ಬರೆದದ್ದೂ ನೋಡಲಿಲ್ಲ. ಅಲ್ಲಿಯ ವಕೀಲರನ್ನ ಕೇಳಲಿ. ಅಲ್ಲಿವರೆಗೂ ಅದನ್ನ ಮುಟ್ಟೋದು ಬೇಡ, ಮುಂದೆ ದುಡ್ಡನ್ನೇ ಬ್ಯಾಂಕಿಗೆ ಕಳಿಸಿ ಅಂತ ಅಂಗಡಿಯವರಿಗೆ ಹೇಳಲಿ."

"ನಾಲ್ಕು ತಿಂಗಳು ಓದಿ ಇಷ್ಟೇನಾ?" ಎಂದು ನಕ್ಕಳು. ಆದರೂ ತಮ್ಮನಿಗೆ ಅಂದೇ ಫೋನ್ ಮಾಡಿದಳು.

ಪ್ರಬಂಧ ಕೊಟ್ಟು ಒಂಬತ್ತನೆಯ ದಿನ ಪ್ರೊಫೆಸರ್ ಕರೆದರು. ಹಾಳೆಗಳ ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು. ಕೊನೆಯ ಪುಟ ತೆರೆದು ನನ್ನ "ಉತ್ತರವಿಲ್ಲ" ಎನ್ನುವ ಸಾಲಿನ ಕೆಳಗೆ ಬೆರಳಿಟ್ಟರು.

"ಇದು ಯಾವ ಪುಸ್ತಕದಲ್ಲಿದೆ?"

"ಯಾವುದರಲ್ಲೂ ಇಲ್ಲ ಸರ್. ಅದು ನಂದೇ."

"ಗೊತ್ತು," ಎಂದರು. "ಅದಕ್ಕೇ ಪಾಸು ಮಾಡಿದ್ದೇನೆ." ಬಿ ಪ್ಲಸ್. ಎ ಕೊಡುವ ಹಾಗಿರಲಿಲ್ಲ, ಎಚ್ಚರಿಕೆ ಇತ್ತಲ್ಲ. ಪಾರ್ಕಿಂಗಿನಲ್ಲಿ ಕಾರು ಸ್ಟಾರ್ಟ್ ಮಾಡದೆ ಬಹಳ ಹೊತ್ತು ಕೂತಿದ್ದೆ.

ಮೇ ತಿಂಗಳ ಸಮಾರಂಭಕ್ಕೆ ಅಮ್ಮ ಬಂದಳು. ಅಪ್ಪನಿಗೆ ಮೊಣಕಾಲು ನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರರು. ವೇದಿಕೆಯ ಮೇಲೆ ಕೈಗೆ ಕೊಟ್ಟದ್ದು ಬರೀ ಮಡಚುವ ರಟ್ಟು, ಒಳಗೆ ಸರ್ಟಿಫಿಕೇಟು ಇರಲಿಲ್ಲ. ಇಲ್ಲಿ ಹಾಗೇ, ಅದು ಆಮೇಲೆ ಅಂಚೆಯಲ್ಲಿ ಬರುತ್ತದೆ. ಅಮ್ಮನಿಗೆ ಅದನ್ನು ಒಪ್ಪಿಸುವುದೇ ಕಷ್ಟವಾಯಿತು.

"ಖಾಲಿ ರಟ್ಟಿಗಾ ಇಷ್ಟೊಂದು ಜನ ಚಪ್ಪಾಳೆ ತಟ್ಟಿದ್ದು?"

"ಬರುತ್ತೆ ಕಣಮ್ಮ, ಏಪೆಕ್ಸಿಗೆ ಬರುತ್ತೆ."

"ಬರ್ದೆ ಇದ್ರೆ?"

ಏಪೆಕ್ಸಿಗೆ ಬಂದ ಮೇಲೆ ಅಂಚೆ ಪೆಟ್ಟಿಗೆಯ ಬೀಗದ ಕೈ ಅಮ್ಮನ ಸೊಂಟ ಸೇರಿತು. ನಮ್ಮ ಬೀದಿಯ ಎಲ್ಲ ಮನೆಗಳ ಪೆಟ್ಟಿಗೆಗಳೂ ಬೀದಿಯ ಕೊನೆಯಲ್ಲಿ ಒಂದೇ ಕಡೆ ಇವೆ. ದಿನಾ ಮಧ್ಯಾಹ್ನ ಸೀರೆಯ ಮೇಲೆ ಅಳಿಯನ ಜಾಕೆಟ್ಟು ತೊಟ್ಟು, ಆ ಬಿಸಿಲಲ್ಲೂ, ಅಲ್ಲಿಗೆ ಹೋಗಿ ಪಿಜ್ಜಾ ಜಾಹೀರಾತುಗಳನ್ನೆಲ್ಲ ಜೋಪಾನವಾಗಿ ತರುತ್ತಿದ್ದಳು. ಜುಲೈ ತಿಂಗಳ ಒಂದು ದಿನ ಬಗ್ಗಿಸಬಾರದು ಎಂದು ಬರೆದ ದೊಡ್ಡ ಲಕೋಟೆ ಬಂತು. ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಕೈಗೆ ಕೊಟ್ಟಳು.

ಒಡೆದೆ. ದಪ್ಪ ಕಾಗದ, ಮುದ್ರೆ, ಸಹಿಗಳು. ಅಮ್ಮ ಮೂರನೇ ಕ್ಲಾಸಿನ ತನಕ ಕನ್ನಡ ಓದಿದವಳು, ಇಂಗ್ಲಿಷ್ ಬಾರದು. ಕೈಯನ್ನು ಸೆರಗಿಗೆ ಒರೆಸಿಕೊಂಡು, "ಇದ್ರಲ್ಲಿ ನಿನ್ ಹೆಸ್ರು ಯಾವ್ದು?" ಎಂದಳು. ನಡುವಿನ ಸಾಲು ತೋರಿಸಿದೆ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಕಾಗದಕ್ಕೆ ತಾಗದ ಹಾಗೆ, ಮೆಲ್ಲಗೆ ಬೆರಳು ಓಡಿಸಿದಳು.

"ಇಷ್ಟುದ್ದ ಹೆಸ್ರು ಮಡಿಕ್ಕಂಡು, ಮನೇಲಿ ಅರ್ಧ ಕೂಗುದ್ರೂವೆ ಓ ಅಂತಿದ್ದಲ್ಲವ್ವಾ."